ಎಂಬತ್ತರ ಹತ್ತಿರ ಬಂದವರಿಗೆ ಮತ್ತೆ ಕೊಲೊನೊಸ್ಕೋಪಿ ಬೇಕಾ?

ನಮ್ಮ ಕಡೆ ಮನೆ ಮನೆಯಲ್ಲಿ ಈಗ ಇದೊಂದು ಶುರುವಾಗಿದೆ. ಹಿರಿಯರಿಗೆ ಯಾವತ್ತೋ ಒಮ್ಮೆ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿದಾಗ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು, ಸಿಕ್ಕಿರುತ್ತದೆ. ಅದನ್ನು ತೆಗೆದಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ‘3 ವರ್ಷದ ನಂತರ ಮತ್ತೆ ಮಾಡಿಸಿ’ ಅಂತ ಒಂದು ಸಾಲು ಬರೆದಿರುತ್ತಾರೆ. ಆ ಸಾಲು ಬೆಂಗಳೂರಲ್ಲಿರುವ ಮಗನ ಮೊಬೈಲ್ ಕ್ಯಾಲೆಂಡರಿಗೆ ಹೋಗಿ ಕೂರುತ್ತದೆ. ಅಷ್ಟರೊಳಗೆ ಅಪ್ಪನಿಗೆ ಸ್ಟೆಂಟ್ ಹಾಕಿರಬಹುದು, ಕಿಡ್ನಿ ಕೈಕೊಡಲು ಶುರುವಾಗಿರಬಹುದು, ತೋಟಕ್ಕೆ ಇಳಿಯುವುದನ್ನೇ ಬಿಟ್ಟಿರಬಹುದು. ದಿನ ಬಂತು ಅಂತ ಕರೆದುಕೊಂಡು ಹೊರಟೇ ಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 75 ದಾಟಿದೆ, ಹಿಂದೆ ಸಿಕ್ಕಿದ್ದು ಒಂದೋ ಎರಡೋ ಸಣ್ಣ ಪಾಲಿಪ್, ಈಗ ಏನೂ ತೊಂದರೆ ಇಲ್ಲ ಅಂದರೆ, ಫೈಲಲ್ಲಿ ಬರೆದಿದೆ ಅನ್ನುವ ಒಂದೇ ಕಾರಣಕ್ಕೆ ಸ್ಕೋಪಿ ಮಾಡಿಸಬಾರದು. ಡಾಕ್ಟರ್ ಹತ್ತಿರ ಕೂತು ಮಾತಾಡಬೇಕು. ಬೇಡ ಅನ್ನುವುದೂ ಅಲ್ಲಿ ಒಂದು ಸರಿಯಾದ ಉತ್ತರವೇ. ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ಕಡೆಯವಳು, ಅಪ್ಪಯ್ಯನ ಫೈಲ್ ಹಿಡಿದುಕೊಂಡು ಆಸ್ಪತ್ರೆಗಳಿಗೆ ಓಡಾಡಿದವಳು, ಅಷ್ಟೇ.

ಮೊದಲು ಪಾಲಿಪ್ ವಿಷಯ. ಪಾಲಿಪ್ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರುತ್ತಾರೆ. ಹೆಚ್ಚಿನ ಪಾಲಿಪ್‌ಗಳು ಯಾವತ್ತೂ ಕ್ಯಾನ್ಸರ್ ಆಗುವುದಿಲ್ಲ. ಅಡೆನೋಮ ಅನ್ನುವ ಜಾತಿಯದು ಕೆಲವು ಆಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಬೇಕು. 50ರ ವಯಸ್ಸಿನವರಿಗೆ ಈ ಹತ್ತು ವರ್ಷದ ಲೆಕ್ಕ ಬಹಳ ಮುಖ್ಯ. ಎದೆ ವೀಕಾಗಿರುವ 79ರವರಿಗೆ ಅದೇ ಲೆಕ್ಕ ಬೇರೆಯೇ ಆಗಿಬಿಡುತ್ತದೆ. ಇಂದು ತೊಂದರೆಪಟ್ಟು ಮಾಡಿಸಿದ್ದರ ಲಾಭ ಸಿಗಬೇಕಾಗಿರುವುದು ಹತ್ತು ವರ್ಷ ಕಳೆದ ಮೇಲೆ, ಅಲ್ವಾ?

ಇನ್ನು ಆ ‘3 ವರ್ಷ’. ಅದು ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದ ತಜ್ಞರ ತಂಡ 2020ರಲ್ಲಿ ಹೊಸ ಸಲಹೆ ಕೊಟ್ಟಿತು. 10 ಮಿ.ಮೀ.ಗಿಂತ ಚಿಕ್ಕದಾದ ಒಂದೆರಡು ಸಾಮಾನ್ಯ ಅಡೆನೋಮ ಇದ್ದವರು 7ರಿಂದ 10 ವರ್ಷ ಬಿಟ್ಟು ಬಂದರೆ ಸಾಕು. ಅಂಥ ಸಣ್ಣವೇ ಮೂರೋ ನಾಲ್ಕೋ ಇದ್ದರೆ 3ರಿಂದ 5 ವರ್ಷ. ಐದರಿಂದ ಹತ್ತು ಇದ್ದರೆ, 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಬಯಾಪ್ಸಿಯಲ್ಲಿ ‘ವಿಲ್ಲಸ್’ ಅಂತಲೋ ‘ಹೈ ಗ್ರೇಡ್’ ಅಂತಲೋ (ಎರಡೂ ಅಪಾಯ ಸ್ವಲ್ಪ ಜಾಸ್ತಿ ಅನ್ನುವ ಗುರುತು) ಬಂದಿದ್ದರೆ 3 ವರ್ಷ. ಅದಕ್ಕೂ ಮುಂಚಿನ ಸಲಹೆಯಲ್ಲಿ ಆ ಒಂದೆರಡು ಸಣ್ಣದಕ್ಕೆ 5ರಿಂದ 10 ವರ್ಷ ಅಂತಿತ್ತು. ಅಂದರೆ ನಿಮ್ಮ ಮನೆಯ ಹಳೇ ಫೈಲಲ್ಲಿ ಇರುವ ತಾರೀಕು ಈಗಿನ ಲೆಕ್ಕಕ್ಕೆ ಹೊಂದದೇ ಇರಬಹುದು. ಬ್ರಿಟನ್ನಿನವರು ಸುಮಾರು 75 ದಾಟಿದವರಿಗೆ, ಅಥವಾ ಇನ್ನು ಹತ್ತು ವರ್ಷ ಬದುಕುವುದು ಕಷ್ಟ ಅನ್ನಿಸಿದವರಿಗೆ, ಸಾಮಾನ್ಯವಾಗಿ ಈ ಮರುಪರೀಕ್ಷೆ ಬೇಡ ಅನ್ನುತ್ತಾರೆ. ಯುರೋಪಿನ ಎಂಡೋಸ್ಕೋಪಿ ಸಂಘದವರು 80ಕ್ಕೆ ನಿಲ್ಲಿಸಿ ಅನ್ನುತ್ತಾರೆ.

ಹಾಗಂತ ವಯಸ್ಸಿನ ಮೇಲೆ ಗೆರೆ ಎಳೆದು ಕೂರುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಊರಲ್ಲೇ 76ರ ಒಬ್ಬರಿದ್ದಾರೆ. ಈಗಲೂ ಗುಡ್ಡ ಹತ್ತಿ ಸೊಪ್ಪು ತರುತ್ತಾರೆ, ಅಡಿಕೆ ಕೊನೆ ಕೊಯ್ಲಿನ ದಿನ ಬೆಳಗಿನಿಂದ ಸಂಜೆವರೆಗೂ ತೋಟದಲ್ಲೇ ಇರುತ್ತಾರೆ. ಅವರಿಗೆ ಹಿಂದೆ ಸಿಕ್ಕಿದ್ದು ದೊಡ್ಡ ಪಾಲಿಪ್. ಅವರು ಮಾಡಿಸಿದರು, ಮಾಡಿಸಿದ್ದೇ ಸರಿ. 20 ಮಿ.ಮೀ. ಮೇಲಿನದನ್ನು ತುಂಡು ತುಂಡಾಗಿ ತೆಗೆದಿದ್ದರಂತೂ 6 ತಿಂಗಳಾದ ಮೇಲೇ ಒಂದು ಸಲ ನೋಡಬೇಕಾಗುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಮಾತು ಇಷ್ಟು ದೂರ ಬರುವುದೇ ಇಲ್ಲ. ಮಕ್ಕಳು ನಿರ್ಧಾರ ಮಾಡುತ್ತಾರೆ, ಹಿರಿಯರು ‘ಆಯ್ತು ಮಾರಾಯ’ ಅನ್ನುತ್ತಾರೆ. ನನ್ನ ತಮ್ಮನೂ ಹೇಳಿದ, ‘ದುಡ್ಡಿನ ಪ್ರಶ್ನೆ ಅಲ್ಲ ಅಕ್ಕಾ, ನಾಳೆ ಏನಾದ್ರೂ ಆದ್ರೆ?’ ಈ ‘ನಾಳೆ ಏನಾದ್ರೂ ಆದ್ರೆ’ ಅನ್ನುವುದು ಮಕ್ಕಳ ಭಯ. ಆ ಭಯಕ್ಕೆ, ಸ್ಕೋಪಿಗೆ ಮುಂಚೆ ಕರುಳು ಖಾಲಿ ಮಾಡಲು ಎರಡು ಲೀಟರ್ ಭೇದಿ ಔಷಧ ಕುಡಿಯಬೇಕಾದವರು ಅಪ್ಪಯ್ಯ. ದೂರದಲ್ಲಿರುವವರಿಗೆ ಟೆಸ್ಟ್ ಮಾಡಿಸುವುದೇ ಪ್ರೀತಿ ತೋರಿಸುವ ದಾರಿ ಆಗಿಬಿಟ್ಟಿದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಸ್ಕೋಪಿ ಮಾಡುವಾಗ ಮಂಪರು ಇರುತ್ತದೆ, ಅದು ಬೇಗ ಮುಗಿಯುತ್ತದೆ. ಕಷ್ಟ ಇರುವುದು ಹಿಂದಿನ ರಾತ್ರಿ. ಅಪ್ಪಯ್ಯನಿಗೆ ಹಿಂದಿನ ಸಲ ಮಾಡಿಸಿದ್ದು ಮಳೆಗಾಲದಲ್ಲಿ. ನಮ್ಮದು ಹಳೇ ಮನೆ, ಕಕ್ಕಸು ಹಿತ್ತಲಾಚೆ. ಕಲ್ಲಿನ ಮೆಟ್ಟಿಲು, ಅದರ ಮೇಲೆ ಪಾಚಿ, ಕರೆಂಟ್ ಇಲ್ಲ. ನಡುರಾತ್ರಿಯಲ್ಲಿ ಅವರು ಪಂಚೆ ಎತ್ತಿ ಹಿಡಿದು ಗೋಡೆ ಸವರಿಕೊಂಡು ಹೋಗುವುದು, ಹಿಂದೆ ನಾನು ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಕೊಡೆ. ವಾಪಸ್ ಬಂದು ಜಗಲಿಯಲ್ಲಿ ಕೂರುವಷ್ಟರಲ್ಲಿ ಮತ್ತೆ ಏಳಬೇಕು. ಬಿಪಿ ಇಳಿದು ತಲೆ ತಿರುಗಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಈ ವಯಸ್ಸಿನಲ್ಲಿ ಸೊಂಟ ಮುರಿಯುವುದು ಎಷ್ಟೋ ಪಾಲಿಪ್‌ಗಿಂತ ಅಪಾಯ. ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಶುಗರ್ ಮಾತ್ರೆ ಆ ದಿನ ತೆಗೆದುಕೊಳ್ಳಬೇಕಾ ಬೇಡವಾ ಅಂತ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಊಟ ಬಿಟ್ಟು ಶುಗರ್ ಮಾತ್ರೆ ನುಂಗಿದರೆ ಏನಾಗುತ್ತದೆ ಅಂತ ಯಾರಿಗಾದರೂ ಗೊತ್ತು.

ಉಳಿದ ಅಪಾಯಗಳು ಕಡಿಮೆ, ಆದರೆ ಇವೆ. ಕರುಳು ತೂತಾಗುವುದು ಅಪರೂಪ, ವಯಸ್ಸಾದಷ್ಟೂ ಆ ಅಪಾಯ ಏರುತ್ತದೆ. ಪಾಲಿಪ್ ತೆಗೆದ ಜಾಗದಲ್ಲಿ ರಕ್ತ ಬರುವುದು ಆವತ್ತೇ ಆಗಬೇಕೆಂದಿಲ್ಲ, ಎರಡು ವಾರದವರೆಗೂ ಆಗಬಹುದು. ಹೊಳೆ ಬಂದು ಕಾಲುಸಂಕ ಮುಳುಗಿರುವ ಆಷಾಢದಲ್ಲಿ ಒಳಗಿನ ಹಳ್ಳಿಯವರಿಗೆ ಎರಡು ವಾರ ಅಂದರೆ ಎಷ್ಟು ಅಂತ ನಮಗೇ ಗೊತ್ತು. ಸ್ಟೆಂಟ್ ಇರುವವರಿಗೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುವ ತಲೆನೋವು ಬೇರೆ. ಹೃದಯದ ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬೇಡಿ.

ಈ ಸಲ ಶಿವಮೊಗ್ಗದಲ್ಲಿ ನಮಗೆ ಸಿಕ್ಕಿದ ಡಾಕ್ಟರ್ ಒಳ್ಳೆಯವರು. ಫೈಲ್ ಪಕ್ಕಕ್ಕಿಟ್ಟು ಅಪ್ಪಯ್ಯನನ್ನೇ ಕೇಳಿದರು, ‘ಯಜಮಾನ್ರೇ, ನಿಮಗೇನನ್ನಿಸುತ್ತೆ?’

‘ಮಾಡಿಸ್ದಿದ್ರೆ ಎಂತ ಆಗ್ತದೆ?’

‘ನಿಮಗೆ ಸಿಕ್ಕಿದ್ದು ಎರಡು, ಎರಡೂ ಸಣ್ಣವು. ಈ ಕರುಳಿಂದ ನಿಮಗೆ ತೊಂದರೆ ಆಗೋ ಮುಂಚೆ ಬೇರೇನಾದ್ರೂ ಆಗೋದೇ ಜಾಸ್ತಿ.’

‘ಅಂದ್ರೆ ನಾನು ಬೇರೆ ಕಾಯಿಲೇಲಿ ಸಾಯ್ತೀನಿ ಅಂತ ಧೈರ್ಯ ಹೇಳ್ತಿದೀರಿ!’ ಅಂತ ಅಪ್ಪಯ್ಯ ನಕ್ಕರು. ಡಾಕ್ಟರೂ ನಕ್ಕರು. ತಮ್ಮನಿಗೆ ನಗು ಬರಲಿಲ್ಲ.

ಒಂದು ಮಾತು ಮಾತ್ರ ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ಇಷ್ಟೂ ಹೇಳಿದ್ದು ತೊಂದರೆಯೇ ಇಲ್ಲದವರ ಮರುಪರೀಕ್ಷೆ ಬಗ್ಗೆ. ಮಲದಲ್ಲಿ ರಕ್ತ ಬಂದರೆ, ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿದರೆ, ತೂಕ ಕಮ್ಮಿಯಾದರೆ, ಕಕ್ಕಸಿಗೆ ಹೋಗುವ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದರೆ, ಆ ಲೆಕ್ಕವೇ ಬೇರೆ. ಆಗ ವಯಸ್ಸಾಯ್ತು ಅಂತ ಸುಮ್ನೆ ಕೂರಬಾರದು. ನಮ್ಮಲ್ಲಿ ರಕ್ತ ಕಂಡ ಕೂಡಲೇ ‘ಉಷ್ಣ’, ‘ಮೂಲವ್ಯಾಧಿ’ ಅಂತ ಹೇಳಿ ಮೆಂತ್ಯ ಹಾಕಿದ ಮಜ್ಜಿಗೆ ಕುಡಿಸಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ನೋಡುತ್ತಾರೆ, ಕರುಳು ಅದರಲ್ಲಿ ಇಲ್ಲ. ನಾವೇ ಹೋಗಬೇಕು. (ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಗಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ, ಇಲ್ಲದಿದ್ದರೆ ರಕ್ತ ಅಂದುಕೊಂಡು ಎಲ್ಲರೂ ಗಾಬರಿ.)

ಡಾಕ್ಟರ್ ಹತ್ತಿರ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಬಯಾಪ್ಸಿ ರಿಪೋರ್ಟ್ ಹುಡುಕಿ ತೆಗೆದುಕೊಂಡು ಹೋಗಿ. ಎಷ್ಟು ಪಾಲಿಪ್, ಎಷ್ಟು ಮಿ.ಮೀ., ಯಾವ ಜಾತಿ, ಆವತ್ತು ಕರುಳು ಚೆನ್ನಾಗಿ ಖಾಲಿಯಾಗಿತ್ತಾ ಅನ್ನುವುದು ಇಲ್ಲದೆ ಯಾರೂ ಸರಿಯಾಗಿ ಹೇಳಲಾರರು.

ಮಾಡಿಸಲೇಬೇಕು ಅಂತ ಆದರೆ ಮಳೆಗಾಲ ಬಿಟ್ಟು ಮಾಡಿಸಿ, ಅರ್ಜೆಂಟ್ ಇಲ್ಲದಿದ್ದರೆ ಒಂದೆರಡು ತಿಂಗಳಲ್ಲಿ ಏನೂ ಆಗುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಫಾಸ್ಫೇಟ್ ಇರುವ ಭೇದಿ ಔಷಧ ಅಂಥವರಿಗೆ ಆಗುವುದಿಲ್ಲ. ಔಷಧವನ್ನು ರಾತ್ರಿ ಅರ್ಧ, ಬೆಳಗ್ಗೆ ಅರ್ಧ ಅಂತ ಕೊಡಲು ಆಗುತ್ತದಾ ಕೇಳಿ, ಕುಡಿಯುವುದೂ ಸುಲಭ, ಕರುಳೂ ಚೆನ್ನಾಗಿ ಸ್ವಚ್ಛವಾಗುತ್ತದೆ. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವವರು ಹಿಂದಿನ ದಿನವೇ ಹೋಗಿ ಕೋಣೆಯೊಳಗೇ ಕಮೋಡ್ ಇರುವ ಲಾಡ್ಜಲ್ಲಿ ಉಳಿಯಿರಿ, ಭೇದಿ ಔಷಧ ಕುಡಿದು ಆಗುಂಬೆ ಘಾಟಿ ಇಳಿಯುವ ಸಾಹಸ ಬೇಡ. ಸೋಸಿದ ಗಂಜಿ ತೆಳಿ, ಎಳನೀರು ಕೊಡಬಹುದಾ ಅಂತ ಆಸ್ಪತ್ರೆಯವರನ್ನೇ ಕೇಳಿ. ಮುರುಗಲ ಹಣ್ಣಿನ ಪಾನಕ ಮಾತ್ರ ಕೊಡಬೇಡಿ, ಆ ಕೆಂಪು ಬಣ್ಣ ಕರುಳಲ್ಲಿ ಉಳಿದರೆ ರಕ್ತದ ಹಾಗೆ ಕಾಣುತ್ತದಂತೆ.