ನೋಟಿಸಿನ ದಾರಿ, ಮಾತುಕತೆಯ ದಾರಿ, ಕೊಣಾಜೆಯ ಸೀಟು

2024ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ನೆದರ್ಲ್ಯಾಂಡ್ಸ್ ಒಟ್ಟಾಗಿ ತಾಲಿಬಾನ್ ವಿರುದ್ಧ ಕಾನೂನು ಕ್ರಮಕ್ಕೆ ಮುಂದಾದವು. ಹೆಣ್ಣುಮಕ್ಕಳ ಶಾಲೆ, ಕೆಲಸ, ಓಡಾಟ ಎಲ್ಲ ಕಿತ್ತುಕೊಂಡು, ಕೊನೆಗೆ ಅದೇ ವರ್ಷದ ಆಗಸ್ಟ್‌ನ 35 ವಿಧಿಗಳ ಕಾನೂನಿನಲ್ಲಿ ಹೆಣ್ಣಿನ ದನಿಗೂ ಪರದೆ ಎಳೆದದ್ದಕ್ಕೆ ಇದು ಉತ್ತರ. ನಾನಿರುವ ಹೇಗ್‌ನಲ್ಲಿ ಕೂತು ಮಂಗಳೂರು, ಉಡುಪಿಯವರ ಜೊತೆ ಈ ವಿಷಯ ಮಾತಾಡಿದರೆ ಮೊದಲು ಎದುರಾಗುವ ಪ್ರಶ್ನೆ: ಭಾರತ ಯಾಕೆ ಐದನೆಯ ದೇಶವಾಗಲಿಲ್ಲ?

ಆಗುವ ಹಾಗಿಲ್ಲ. ಈ ಕ್ರಮ ನಿಂತಿರುವುದು ಮಹಿಳಾ ತಾರತಮ್ಯ ನಿವಾರಣೆಯ ‘ಸೀಡಾ’ ಒಪ್ಪಂದದ 29ನೇ ವಿಧಿಯ ಮೇಲೆ. ಮೊದಲು ಮಾತುಕತೆ, ಅದು ಮುರಿದರೆ ಮಧ್ಯಸ್ಥಿಕೆಗೆ ಕೋರಿಕೆ, ಆರು ತಿಂಗಳಲ್ಲಿ ಅದೂ ಕೂಡಿಬರದಿದ್ದರೆ ಅಂತಾರಾಷ್ಟ್ರೀಯ ನ್ಯಾಯಾಲಯ. ಅಫ್ಘಾನಿಸ್ತಾನ 2003ರಲ್ಲಿ ಯಾವ ಷರತ್ತೂ ಹಾಕದೆ ಈ ಒಪ್ಪಂದಕ್ಕೆ ಸೇರಿತ್ತು. ಭಾರತವಾದರೋ 1993ರಲ್ಲಿ ಅನುಮೋದಿಸುವಾಗಲೇ ಈ 29ನೇ ವಿಧಿಯ ಮೊದಲ ಭಾಗಕ್ಕೆ ತಾನು ಬದ್ಧನಲ್ಲ ಎಂದು ಬರೆದುಕೊಟ್ಟಿದೆ. ನಮ್ಮ ಮಟ್ಟಿಗೆ ಆ ಬಾಗಿಲು ಮುಚ್ಚಿ ಮೂವತ್ತು ವರ್ಷ ದಾಟಿತು.

ಹಾಗೆಂದು ಆ ನಾಲ್ಕು ದೇಶಗಳ ದಾರಿಯೇ ಸರಿ ಎನ್ನಲಾರೆ. 2009ರಲ್ಲಿ ಅಫ್ಘಾನಿಸ್ತಾನದ ಆಗಿನ ಅಧ್ಯಕ್ಷ ಕರ್ಜಾಯಿ ಅಲ್ಲಿನ ಶಿಯಾ ಮುಸ್ಲಿಮರ ಕುಟುಂಬ ಕಾನೂನಿಗೆ ಸಹಿ ಹಾಕಿದಾಗ ಪಶ್ಚಿಮದ ದೇಶಗಳ ಕೈಯಲ್ಲಿ ದುಡ್ಡು, ಸೈನ್ಯ ಎರಡೂ ಇತ್ತು. ಗಲಾಟೆಯಾಯಿತು, ಕಾನೂನು ತಿದ್ದುಪಡಿಗೆ ಹೋಯಿತು. ನಾಲ್ಕು ರಾತ್ರಿಗೊಮ್ಮೆ ಗಂಡನ ಜೊತೆ ಮಲಗಲೇಬೇಕು ಎಂಬ ಸಾಲು ಹೋಯಿತು. ಆದರೆ ಒಪ್ಪದ ಹೆಂಡತಿಗೆ ಜೀವನಾಂಶ ಕೊಡಬೇಕಿಲ್ಲ ಎಂಬುದು ಉಳಿಯಿತು. ಅಂದರೆ ಅನ್ನ ನಿಲ್ಲಿಸಿ ಒಪ್ಪಿಸಬಹುದು. ಜುಲೈನಲ್ಲಿ ಅದು ಗೆಜೆಟ್‌ನಲ್ಲಿ ಬಂತು, ಆಗಸ್ಟ್ 20ಕ್ಕೆ ಚುನಾವಣೆ, ಒತ್ತಡ ಹಾಕಿದವರು ಸುಮ್ಮನಾದರು. ಇಡೀ ಕಾನೂನನ್ನು ಖಂಡಿಸುವುದು ಸುಲಭ. ತಿದ್ದಿದ ಪ್ರತಿಯನ್ನು ಗೆಜೆಟ್‌ಗೆ ಹೋಗುವ ಮುಂಚೆ ಸಾಲುಸಾಲಾಗಿ ಓದಿ ಪಟ್ಟು ಹಿಡಿಯುವವರು ಬೇಕಿತ್ತು.

ಇನ್ನು ದೆಹಲಿಯ ದಾರಿ. 2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಮುತ್ತಾಕಿ ಬಂದರು, ಕಾಬೂಲ್‌ನ ನಮ್ಮ ಕಚೇರಿ ಮತ್ತೆ ರಾಯಭಾರ ಕಚೇರಿಯಾಯಿತು. 10ರ ಪತ್ರಿಕಾಗೋಷ್ಠಿಗೆ ಹೆಣ್ಣುಮಕ್ಕಳನ್ನು ಬಿಡಲಿಲ್ಲ. ದೇಶವೆಲ್ಲ ಕೆರಳಿತು. 12ರಂದು ಅದೇ ಸಚಿವರ ಎದುರು ಮೊದಲ ಸಾಲಿನ ಕುರ್ಚಿಗಳಲ್ಲಿ ಪತ್ರಕರ್ತೆಯರು ಕೂತು, ಶಾಲೆ ಯಾಕೆ ಮುಚ್ಚಿದಿರಿ ಎಂದು ಕೇಳಿದರು. ಎರಡೇ ದಿನದಲ್ಲಿ ಅಷ್ಟು ಬಗ್ಗಿದವರನ್ನು, ರಾಯಭಾರ ಕಚೇರಿಯ ಮಾತು ಕೊಡುವ ಮೊದಲೇ ಇನ್ನಷ್ಟು ಕೇಳಬಹುದಿತ್ತು. ಕೇಳಲಿಲ್ಲ ಎಂಬುದು ನನ್ನ ದೂರು.

ನಮ್ಮ ಕೈಯಲ್ಲಿ ನಿಜವಾಗಿ ಇರುವುದು ವೀಸಾ ಮತ್ತು ಓದಿನ ಸೀಟು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅಫ್ಘನ್ ವಿದ್ಯಾರ್ಥಿಗಳು ಓದಿದ್ದು ಊರಿಗೆಲ್ಲ ಗೊತ್ತು. 2021ರ ಆಗಸ್ಟ್‌ನಲ್ಲಿ ಭಾರತ, ದೇಶದ ಹೊರಗಿದ್ದ ಅಫ್ಘನ್ನರ ಹಳೆಯ ವೀಸಾಗಳನ್ನು ರದ್ದು ಮಾಡಿತು. ಊರಿಗೆ ಹೋಗಿದ್ದ ವಿದ್ಯಾರ್ಥಿಗಳೂ ಅಲ್ಲೇ ಸಿಕ್ಕಿಬಿದ್ದರು.

ಈಗ ಬರೀ ವೀಸಾ ಕೊಟ್ಟರೂ ಸಾಲದು. ತಾಲಿಬಾನ್ ನಿಯಮದಂತೆ 72 ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ ಹೆಣ್ಣಿನ ಜೊತೆ ಮನೆಯ ಗಂಡಸು ಇರಬೇಕು. 2023ರ ಆಗಸ್ಟ್‌ನಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ದುಬೈಗೆ ಹೊರಟ ಯುವತಿಯರನ್ನು, ಕೆಲವರ ಜೊತೆಗೆ ಗಂಡಸು ಬಂದಿದ್ದರೂ, ಕಾಬೂಲ್ ವಿಮಾನ ನಿಲ್ದಾಣದಲ್ಲೇ ತಡೆದರು. ಆದ್ದರಿಂದ ಸೀಟುಗಳಲ್ಲಿ ಒಂದು ಪಾಲನ್ನು ಈಗಾಗಲೇ ಇರಾನ್, ಪಾಕಿಸ್ತಾನ ಸೇರಿಕೊಂಡ ಹುಡುಗಿಯರಿಗೆ ಇಡಬೇಕು. ಒಳಗೆ ಉಳಿದವರಿಗೆ ಆನ್‌ಲೈನ್ ಪಾಠ, ಅದೂ ಇಳಿಸಿಕೊಂಡು ಆಮೇಲೆ ನೋಡುವ ಹಾಗೆ. 2025ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಇಂಟರ್ನೆಟ್ ಎರಡು ದಿನ ಪೂರ್ತಿ ನಿಂತಿತ್ತು, ಲೈವ್ ತರಗತಿ ನಂಬಿದರೆ ಹಾಜರಿಯೇ ಹೋಗುತ್ತದೆ. ಇನ್ನು ಮೂಲ ಅಂಕಪಟ್ಟಿ ಕಡ್ಡಾಯ ಎಂದು ಕೂತರೆ, ತರಗತಿಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ಅದನ್ನು ಕೇಳಲು ಹೊರಗೆ ಹಾಕಿದವರದೇ ಕಚೇರಿಯ ಬಾಗಿಲಿಗೆ ಹೋಗಬೇಕು. ಪ್ರವೇಶ ಪರೀಕ್ಷೆಯೊಂದನ್ನು ನಾವೇ ಮಾಡಿ ಸೀಟು ಕೊಡಬಹುದು. ಅರ್ಜಿಯ ಆ ಒಂದು ಸಾಲು ತಿದ್ದಲು ಕಾಬೂಲ್‌ನ ಒಪ್ಪಿಗೆ ಬೇಕಿಲ್ಲ.