ಪಂಕ್ತಿಯಲ್ಲಿ ಬಡಿಸುವವರು ಬೇಕು

ಸೆಮಿಸ್ಟರ್ ಶುರುವಾದ ಎರಡನೇ ಸೋಮವಾರ ಬೆಳಿಗ್ಗೆ ನನಗೊಂದು ಪಟ್ಟಿ ಬರುತ್ತದೆ. ಆನ್‌ಲೈನ್ ಕ್ಲಾಸಿಗೆ ಸೇರಿ, ಇನ್ನೂ ಒಂದು ಸಲವೂ ಒಳಗೆ ಬಾರದವರ ಪಟ್ಟಿ. ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುವುದು ನನ್ನ ಕೆಲಸ. ಹತ್ತು ಜನಕ್ಕೆ ಮಾಡಿದರೆ ಎತ್ತುವವರು ಮೂವರು. ಉಳಿದವರಿಗೆ ವಾಯ್ಸ್‌ಮೇಲ್. ಎತ್ತಿದವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಕ್ಲಾಸ್ ಆಗಲೇ ಶುರುವಾಯ್ತಾ? ನನಗೆ ಯಾರೂ ಹೇಳಲೇ ಇಲ್ಲ!"

ಹೇಳಿರುತ್ತಾರೆ. ಆರು ಇಮೇಲ್ ಹೋಗಿರುತ್ತವೆ. ಆದರೆ ಹೋಗಿರುವುದು ಕಾಲೇಜು ಕೊಟ್ಟ ವಿಳಾಸಕ್ಕೆ. ಅಂಥ ವಿಳಾಸ ತಮಗೊಂದಿದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ. ಆನ್‌ಲೈನ್ ವಿದ್ಯಾರ್ಥಿಗಳ ಸಹಾಯಕ್ಕಿರುವ ಸಣ್ಣ ತಂಡ ನಮ್ಮದು. ನನ್ನದು ಪಾರ್ಟ್ ಟೈಮ್ ಕೆಲಸ. ಹಾಸನದಲ್ಲಿ ಯಾರಾದರೂ ಕೇಳಿದರೆ ಅಪ್ಪ "ಮಗಳು ಅಮೆರಿಕದಲ್ಲಿ ಕಾಲೇಜಿನಲ್ಲಿದ್ದಾಳೆ" ಅನ್ನುತ್ತಾರೆ. ಕೇಳಿದವರು ಪ್ರೊಫೆಸರ್ ಅಂದುಕೊಂಡರೆ ಅಪ್ಪ ತಿದ್ದಲು ಹೋಗುವುದಿಲ್ಲ.

ಕಮ್ಯುನಿಟಿ ಕಾಲೇಜು ಅಂದರೆ ಏನೇ ಅಂತ ಊರಿನ ಗೆಳತಿಯರು ಕೇಳುತ್ತಿರುತ್ತಾರೆ. ಎರಡು ವರ್ಷ ಓದುವ ಸರ್ಕಾರಿ ಕಾಲೇಜು ಅಂದುಕೊಳ್ಳಿ. ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು. ಎಂಟ್ರೆನ್ಸ್ ಇಲ್ಲ, ಕಟ್ ಆಫ್ ಇಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾಯಿತು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಇಲ್ಲಿನ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್ ಫೀಸು, ಅಂದರೆ ಮೂರು ಯೂನಿಟ್‌ನ ಒಂದು ಕ್ಲಾಸಿಗೆ 138 ಡಾಲರ್. ಈ ನಾಡಿನ ಲೆಕ್ಕದಲ್ಲಿ ಬಹಳ ಅಗ್ಗ. ಇಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಬರ್ಕ್ಲಿ ಯೂನಿವರ್ಸಿಟಿಗೆ ಹೋಗುವ ಮಕ್ಕಳಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದು ಓದುವವರಿದ್ದಾರೆ. ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆಯುವ ತಾಯಂದಿರಿದ್ದಾರೆ.

ನಮ್ಮವರೂ ಇದ್ದಾರೆ. ಕೆಲಸಕ್ಕೆ ಬಂದ ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದ ಹೆಣ್ಣುಮಕ್ಕಳು ಇಲ್ಲಿ ಶಿಶುಶಿಕ್ಷಣದ ಕ್ಲಾಸು ಹಿಡಿಯುವುದು ಜಾಸ್ತಿ. ಆ ವಿಷಯದಲ್ಲಿ 12 ಯೂನಿಟ್ ಮುಗಿಸಿದರೆ, ಕೆಲಸದ ಪರ್ಮಿಟ್ ಬಂದ ಮೇಲೆ ಪ್ರೀಸ್ಕೂಲಿನಲ್ಲಿ ಟೀಚರ್ ಆಗುವ ದಾರಿ ತೆರೆಯುತ್ತದೆ. ಬೆಂಗಳೂರಿನಲ್ಲಿ ಏಳು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವಳು ಇಲ್ಲಿ ಮಕ್ಕಳ ಬೆಳವಣಿಗೆಯ ಪಾಠ ಓದುತ್ತಿರುತ್ತಾಳೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಓದಿನಲ್ಲಿ ಯಾವತ್ತೂ ಹಿಂದೆ ಬೀಳದವಳಿಗೆ "ನನಗೆ ಈ ಪೇಜು ತೆರೆಯಲು ಬರುತ್ತಿಲ್ಲ" ಅಂತ ಹೇಳುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು.

ಏಕೆಂದರೆ ನಾನೂ ಅಂಥವಳೇ. 2016ರಲ್ಲಿ ನಾನು ಮೊದಲ ಸಲ ಒಂದು ಆನ್‌ಲೈನ್ ಅಕೌಂಟಿಂಗ್ ಕ್ಲಾಸ್ ಸೇರಿದೆ. ಬಿ.ಕಾಂ. ಮಾಡಿದವಳು, ಇದೇನು ಮಹಾ ಅಂದುಕೊಂಡೆ. ಪಾಠ ಕಷ್ಟವಿರಲಿಲ್ಲ. ಹೋಂವರ್ಕ್ ಮಾಡಲು ಪುಸ್ತಕದ ಕಂಪನಿಯ ಬೇರೆ ಸೈಟಿಗೆ ಹೋಗಬೇಕಿತ್ತು, ಅದಕ್ಕೊಂದು ಕೋಡ್ ಕೊಳ್ಳಬೇಕಿತ್ತು. ಅದರ ಬೆಲೆ ಹೆಚ್ಚುಕಡಿಮೆ ಕ್ಲಾಸಿನ ಫೀಸಿನಷ್ಟೇ. ಗಂಡನ ಹತ್ತಿರ ಮತ್ತೆ ದುಡ್ಡು ಕೇಳಲು ಒಂದು ವಾರ ಹಿಂಜರಿದೆ. ಕೋಡ್ ಸಿಕ್ಕಿದಾಗ ಎರಡು ಹೋಂವರ್ಕ್ ಹೋಗಿತ್ತು. ಟೀಚರಿಗೆ ಬರೆಯೋಣ ಅಂತ ಮೂರು ಸಲ ಇಮೇಲ್ ಟೈಪ್ ಮಾಡಿ ಅಳಿಸಿದೆ. ನಾಲ್ಕನೇ ವಾರಕ್ಕೆ ಕ್ಲಾಸ್ ಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಅಲ್ಲೂ ಟ್ಯೂಟರಿಂಗ್ ಸೆಂಟರ್ ಇತ್ತು, ಕೌನ್ಸೆಲರ್ ಇದ್ದರು, ಚಾಟ್ ಇತ್ತು. ಎಲ್ಲವೂ ಒಂದು ಮೂಲೆಯಲ್ಲಿ "ಸಹಾಯ" ಅನ್ನುವ ಬಟನ್ ಹಿಂದೆ ಇದ್ದವು. ನಾನು ಆ ಬಟನ್ ಒತ್ತಲೇ ಇಲ್ಲ.

ನಮ್ಮ ಕಡೆಯ ಮದುವೆ ಮನೆ ನೆನಪು ಮಾಡಿಕೊಳ್ಳಿ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಸಾಲಿನಲ್ಲಿ ಬರುತ್ತಾರೆ. ಎಲೆ ನೋಡುತ್ತಾರೆ. ಅನ್ನ ಮುಗಿದಿದ್ದರೆ ಕೇಳುತ್ತಾರೆ. ನೀವು "ಬೇಡ, ಸಾಕು" ಅಂತ ಕೈ ಅಡ್ಡ ಹಿಡಿದರೂ ಮುಖ ನೋಡಿ, ಇದು ನಿಜವಾದ ಬೇಡವೋ ಸಂಕೋಚದ ಬೇಡವೋ ಅಂತ ಕಂಡುಹಿಡಿದು ಇನ್ನೊಂದು ಸೌಟು ಹಾಕುತ್ತಾರೆ. ಬಫೆಯಲ್ಲಿ ಹಾಗಲ್ಲ. ಎಲ್ಲವೂ ಇಟ್ಟಿರುತ್ತದೆ, ಬೇಕಾದವರು ಹೋಗಿ ಹಾಕಿಕೊಳ್ಳಬೇಕು. ಧೈರ್ಯ ಇರುವವರು ಮೂರು ಸಲ ಹೋಗುತ್ತಾರೆ. ನಮ್ಮ ಚಿಕ್ಕಮ್ಮನಂಥವರು ಅರ್ಧ ಹೊಟ್ಟೆಯಲ್ಲಿ ಮನೆಗೆ ಬರುತ್ತಾರೆ.

ಕಾಲೇಜುಗಳು ಆನ್‌ಲೈನ್ ಮಕ್ಕಳಿಗೆ ಇಟ್ಟಿರುವುದು ಬಫೆ. ಸಹಾಯ ಕಡಿಮೆ ಏನಿಲ್ಲ. ಅದು ಎದ್ದು ಬರುವವರಿಗೆ ಮಾತ್ರ ಸಿಗುತ್ತದೆ. ಎದ್ದು ಬರುವವರು ಹೇಗಿದ್ದರೂ ಪಾಸಾಗುವವರು. ರಾತ್ರಿ ಹನ್ನೊಂದಕ್ಕೆ ಟ್ಯೂಟರ್ ಜೊತೆ ಚಾಟ್ ಮಾಡುವ ಹುಡುಗಿಗೆ 92 ಬಂದಿರುತ್ತದೆ, 96 ಬೇಕಾಗಿರುತ್ತದೆ. 30 ಬಂದವನು ಲಾಗಿನ್ ಮಾಡುವುದನ್ನೇ ನಿಲ್ಲಿಸಿರುತ್ತಾನೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾ 2014ರಲ್ಲಿ ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಲೆಕ್ಕ ನೋಡಿತ್ತು. ಎದುರುಬದುರು ಕೂತು ನಡೆಯುವ ಕ್ಲಾಸಿಗಿಂತ ಆನ್‌ಲೈನ್ ಕ್ಲಾಸಿನಲ್ಲಿ ಪಾಸಾಗುವವರು ಶೇಕಡಾ 11ರಿಂದ 14 ಅಂಶ ಕಡಿಮೆ ಇದ್ದರು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಜನ ಮರೆಯುತ್ತಾರೆ: ಕೆಲವಾದರೂ ಆನ್‌ಲೈನ್ ಕ್ಲಾಸ್ ತೆಗೆದುಕೊಂಡವರು ಕೊನೆಗೆ ಡಿಗ್ರಿ ಮುಗಿಸುವುದು ಅಥವಾ ದೊಡ್ಡ ಯೂನಿವರ್ಸಿಟಿಗೆ ಹೋಗುವುದು ಉಳಿದವರಿಗಿಂತ ಜಾಸ್ತಿ. ಕೆಲಸ, ಮನೆ, ಬಸ್ಸು ಎಲ್ಲದರ ನಡುವೆ ಆನ್‌ಲೈನ್ ಇಲ್ಲದಿದ್ದರೆ ಅವರು ಓದುತ್ತಲೇ ಇರಲಿಲ್ಲವೇನೋ. ವಾಷಿಂಗ್ಟನ್ ರಾಜ್ಯದ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ನೋಡಿದ ಕೊಲಂಬಿಯಾ ಯೂನಿವರ್ಸಿಟಿಯ ಸಂಶೋಧಕರು ಇನ್ನೊಂದು ಕಂಡರು. ಆನ್‌ಲೈನ್‌ನಲ್ಲಿ ಎಲ್ಲರೂ ಸ್ವಲ್ಪ ಹಿಂದೆ ಬೀಳುತ್ತಾರೆ, ಆದರೆ ಗಂಡುಹುಡುಗರು, ಚಿಕ್ಕ ವಯಸ್ಸಿನವರು, ಕಪ್ಪು ವಿದ್ಯಾರ್ಥಿಗಳು, ಮೊದಲೇ ಅಂಕ ಕಡಿಮೆ ಇದ್ದವರು ಇನ್ನೂ ಜಾಸ್ತಿ ಹಿಂದೆ ಬೀಳುತ್ತಾರೆ. ಬಫೆಯಲ್ಲಿ ಯಾರು ಹಸಿದು ಉಳಿಯುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಾ? ಕೋವಿಡ್ ಆದ ಮೇಲೆ ಪಾಸಾಗುವವರ ಅಂತರ ಕಡಿಮೆಯಾಗಿದೆ, ನಿಜ. ನನ್ನ ಸೋಮವಾರದ ಪಟ್ಟಿ ಮಾತ್ರ ಚಿಕ್ಕದಾಗಿಲ್ಲ.

ಕಾರಣಗಳು ಎಷ್ಟು ಸಣ್ಣವು ಅಂದರೆ ಹೇಳಿದರೆ ನಗು ಬರುತ್ತದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ನಡೆಯುವುದು ಕ್ಯಾನ್ವಾಸ್ ಎಂಬ ಸೈಟಿನಲ್ಲಿ. ಐಫೋನಿನಲ್ಲಿ ಹೋಂವರ್ಕಿನ ಫೋಟೋ ತೆಗೆದರೆ ಅದು ಬೇರೆಯದೇ ಫಾರ್ಮ್ಯಾಟ್ ಆಗಿರುತ್ತದೆ, ಟೀಚರ್ ಪಿಡಿಎಫ್ ಮಾತ್ರ ಕೇಳಿರುತ್ತಾರೆ. ಆ ಹುಡುಗನ ಮನೆಯಲ್ಲಿ ಇರುವುದು ಫೋನ್ ಒಂದೇ. ಇನ್ನೊಬ್ಬಳು ಅಮ್ಮನನ್ನು ನೋಡಲು ಬೆಂಗಳೂರಿಗೆ ಹೋಗಿದ್ದಳು. ಗಡುವು ರಾತ್ರಿ 11:59 ಅಂತ ಇತ್ತು. ಅದು ಕ್ಯಾಲಿಫೋರ್ನಿಯಾದ ರಾತ್ರಿ, ಅವಳಿಗೆ ಮರುದಿನ ಮಧ್ಯಾಹ್ನ. ಇನ್ನೂ ಹನ್ನೆರಡು ಗಂಟೆ ಟೈಮ್ ಇದೆ ಅನ್ನುವುದು ಗೊತ್ತಾಗದೆ ಅರ್ಧಂಬರ್ಧ ಬರೆದು ಕಳಿಸಿಬಿಟ್ಟಿದ್ದಳು. ಮತ್ತೊಬ್ಬರಿಗೆ 58 ವರ್ಷ, ಮೂವತ್ತು ವರ್ಷ ಟ್ರಕ್ ಓಡಿಸಿದವರು. "ಡಿಸ್ಕಷನ್‌ನಲ್ಲಿ ಒಂದು ಪೋಸ್ಟ್ ಹಾಕಿ, ಇಬ್ಬರಿಗೆ ಉತ್ತರ ಬರೆಯಿರಿ" ಅಂತ ಇದ್ದದ್ದನ್ನು ನೋಡಿ ಗಾಬರಿಯಾಗಿದ್ದರು. "ಗುರುತಿಲ್ಲದ ಹುಡುಗಿಗೆ ನಾನೇನು ಬರೆಯಲಿ, ತಪ್ಪು ತಿಳಿದುಕೊಂಡರೆ?" ಅಂತ ಕೇಳಿದರು. ಹತ್ತು ನಿಮಿಷ ಫೋನಿನಲ್ಲಿ ಕೂತು ಇಬ್ಬರೂ ಸೇರಿ ಎರಡು ಸಾಲು ಬರೆದೆವು. ಆಮೇಲೆ ಆ ಕ್ಲಾಸಿನಲ್ಲಿ ಅತಿ ಉದ್ದದ ಪೋಸ್ಟ್ ಅವರದೇ ಇರುತ್ತಿತ್ತು.

ಟೀಚರುಗಳು ಕೇಳಬಹುದಲ್ಲ ಅಂತ ನೀವು ಅನ್ನಬಹುದು. ಕ್ಯಾನ್ವಾಸ್‌ನಲ್ಲಿ ಅದಕ್ಕೆ ಸೌಲಭ್ಯವೇ ಇದೆ. ಯಾರು ಹೋಂವರ್ಕ್ ಕೊಟ್ಟಿಲ್ಲವೋ ಅವರಿಗೆ ಮಾತ್ರ ಒಟ್ಟಿಗೆ ಒಂದು ಸಂದೇಶ ಕಳಿಸಬಹುದು. ಪ್ರತಿಯೊಬ್ಬರಿಗೂ ತನಗೇ ಬರೆದಂತೆ ಹೋಗುತ್ತದೆ. ಎರಡು ನಿಮಿಷದ ಕೆಲಸ. ಅದನ್ನು ಬಳಸುವ ಟೀಚರ್ ಇದ್ದ ಕ್ಲಾಸಿನಿಂದ ನನ್ನ ಪಟ್ಟಿಗೆ ಬರುವ ಹೆಸರು ಕಡಿಮೆ. ಆದರೆ ಟೀಚರ್ ಪಾಡೂ ನೋಡಿ. ಇಲ್ಲಿ ಬಹಳಷ್ಟು ಜನ ಪಾರ್ಟ್ ಟೈಮ್. ಮೂರು ಕಾಲೇಜಿನಲ್ಲಿ ಕಲಿಸುತ್ತಾರೆ, ಜೀವನ ಫ್ರೀವೇ, ಅಂದರೆ ಹೆದ್ದಾರಿ ಮೇಲೆಯೇ ಕಳೆಯುತ್ತದೆ. ಅವರನ್ನು "ಫ್ರೀವೇ ಫ್ಲೈಯರ್" ಅಂತಲೇ ಕರೆಯುತ್ತಾರೆ. ಅವರಿಂದ ಇನ್ನೂ ಬಡಿಸಿ ಅಂತ ಕೇಳುವ ಮೊದಲು ಅವರ ಎಲೆಯಲ್ಲಿ ಏನಿದೆ ಅಂತ ನೋಡಬೇಕು.

ಟೀಚರ್ ತಾವಾಗಿಯೇ ವಿಚಾರಿಸಬೇಕು ಅಂತ ನಿಯಮವೂ ಹೇಳುತ್ತದೆ, ತಮಾಷೆ ಅಂದರೆ. ಅಮೆರಿಕದ ಕೇಂದ್ರ ಸರ್ಕಾರದ ಪ್ರಕಾರ ಆನ್‌ಲೈನ್ ಕ್ಲಾಸಿನಲ್ಲಿ ಟೀಚರ್ ನಿಯಮಿತವಾಗಿ, ಅರ್ಥಪೂರ್ಣವಾಗಿ ವಿದ್ಯಾರ್ಥಿಗಳ ಜೊತೆ ವ್ಯವಹರಿಸಬೇಕು. ಇಲ್ಲದಿದ್ದರೆ ಅದು ಬರೀ ಅಂಚೆ ಶಿಕ್ಷಣ, ಹಣದ ನೆರವಿಗೆ ಕತ್ತರಿ. ಇದನ್ನು ಮೊದಲು ಓದಿದಾಗ ನನಗೆ ಚಿಕ್ಕಮ್ಮ ನೆನಪಾದರು. ಅವರು ಮೈಸೂರಿನಿಂದ ಅಂಚೆಯಲ್ಲಿ ಬರುತ್ತಿದ್ದ ಪಾಠಗಳನ್ನು ಓದಿ ಬಿ.ಎ. ಮಾಡಿದವರು. ವರ್ಷಕ್ಕೊಮ್ಮೆ ಸಂಪರ್ಕ ತರಗತಿಗೆ ಹೋಗಿ ಬಂದ ಮೇಲೆ ತಿಂಗಳುಗಟ್ಟಲೆ ಅದೇ ಮಾತು. ಯಾವ ಮೇಷ್ಟ್ರು ಏನು ಹೇಳಿದರು, ಪಕ್ಕದಲ್ಲಿ ಕೂತವಳು ಯಾವ ಊರವಳು. ಪಾಠಕ್ಕಿಂತ ಆ ಹತ್ತು ದಿನವೇ ಅವರನ್ನು ಡಿಗ್ರಿವರೆಗೆ ಎಳೆದುಕೊಂಡು ಹೋಯಿತು ಅನ್ನಿಸುತ್ತದೆ.

ಈಗ ಇದಕ್ಕೊಂದು ಹೊಸ ತಲೆನೋವು ಸೇರಿದೆ. ದೆವ್ವದ ವಿದ್ಯಾರ್ಥಿಗಳು. ಸುಳ್ಳಲ್ಲ, ಇಂಗ್ಲಿಷಿನಲ್ಲೂ ಅವರನ್ನು ಹಾಗೇ ಕರೆಯುವುದು. 2021ರ ಸುಮಾರಿನಿಂದ ಕಳ್ಳರು ಕದ್ದ ಹೆಸರುಗಳಲ್ಲಿ ನಮ್ಮ ಆನ್‌ಲೈನ್ ಕ್ಲಾಸುಗಳಿಗೆ ಸೇರಿ, ಬಡ ಮಕ್ಕಳಿಗೆ ಬರಬೇಕಾದ ಸಹಾಯಧನ ಹೊಡೆಯುತ್ತಿದ್ದಾರೆ. ಬಾಗಿಲು ಎಲ್ಲರಿಗೂ ತೆರೆದಿದೆಯಲ್ಲ, ಒಳಗೆ ಬರುವುದು ಸುಲಭ. ಮೊದಲ ವಾರದ "ನಿಮ್ಮ ಪರಿಚಯ ಬರೆಯಿರಿ" ಅನ್ನುವುದನ್ನೂ ಎಐ ಬರೆದುಕೊಡುತ್ತದೆ. ನಿಜವಾದ ಮಕ್ಕಳಿಗೆ ಸೀಟು ಸಿಗುವುದಿಲ್ಲ. ಹಾಗಾಗಿ ಟೀಚರುಗಳು ಮಾತಾಡದ ಹೆಸರು ಕಂಡರೆ ಬೇಗ ತೆಗೆದುಹಾಕುತ್ತಾರೆ. ಅವರನ್ನು ದೂರಲಾರೆ. ಆದರೆ ಸಂಕೋಚದವರೂ ದೆವ್ವಗಳೂ ಪರದೆಯ ಮೇಲೆ ಒಂದೇ ಥರ ಕಾಣುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಫೋನ್ ಮಾಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ದೆವ್ವದ ನಂಬರ್ ಎಷ್ಟೋ ಸಲ ಅಸ್ತಿತ್ವದಲ್ಲೇ ಇರುವುದಿಲ್ಲ. ಸಂಕೋಚದವರ ಮನೆಯಲ್ಲಿ ಹಿಂದೆ ಮಗು ಅಳುವ ಸದ್ದು ಕೇಳುತ್ತದೆ.

(ಫೋನ್ ಅಂದಾಗ ನೆನಪಾಯಿತು. ನಮ್ಮ ದೇಶದ ಅಪ್ಪಂದಿರೂ ನನಗೆ ಫೋನ್ ಮಾಡುತ್ತಾರೆ. "ಮೇಡಂ, ನಮ್ಮ ಹುಡುಗನ ಮಾರ್ಕ್ಸ್ ಸ್ವಲ್ಪ ನೋಡಿ ಹೇಳ್ತೀರಾ?" ಹುಡುಗನ ಒಪ್ಪಿಗೆ ಇಲ್ಲದೆ ನಾನು ಹೇಳುವಂತಿಲ್ಲ ಸಾರ್, ಇಲ್ಲಿ ಕಾನೂನು ಹಾಗಿದೆ. "ಫೀಸ್ ಕಟ್ಟೋದು ನಾನಲ್ವಾ?" ಅನ್ನುತ್ತಾರೆ. ಹೌದು ಸಾರ್. ಆದರೂ ಹೇಳುವಂತಿಲ್ಲ. ಅವನನ್ನೇ ಕೇಳಿ. ಆಮೇಲೆ ಒಂದು ಉದ್ದನೆಯ ಮೌನ.)

"ಇದೆಲ್ಲ ಜಾಸ್ತಿ ಮುದ್ದು ಮಾಡಿದ ಹಾಗಾಗಲ್ವಾ ಅಕ್ಕಾ? ದೊಡ್ಡವರು ತಾನೇ, ಬೇಕಾದರೆ ಕೇಳಲಿ" ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಅವನು ಹಾಸ್ಟೆಲಿನಲ್ಲಿ ಓದಿದವನು. ಅವನಿಗೆ ಪಕ್ಕದ ಮಂಚದವನು ಎಬ್ಬಿಸುತ್ತಿದ್ದ, ಎದುರು ರೂಮಿನವನು ನೋಟ್ಸ್ ಕೊಡುತ್ತಿದ್ದ, ಹಾಲ್ ಟಿಕೆಟ್ ಬಂದಿದೆ ಅಂತ ಮೆಸ್ಸಿನಲ್ಲಿ ಯಾರೋ ಕೂಗುತ್ತಿದ್ದರು. ತನ್ನನ್ನು ಎಷ್ಟು ಜನ ಎತ್ತಿ ದಾಟಿಸಿದರು ಅನ್ನುವುದು ಅವನಿಗೆ ಲೆಕ್ಕಕ್ಕೇ ಬಂದಿಲ್ಲ. ಆನ್‌ಲೈನ್ ಹುಡುಗನಿಗೆ ಪಕ್ಕದ ಮಂಚವೇ ಇಲ್ಲ.

ನ್ಯೂಯಾರ್ಕ್ ನಗರದ ಸರ್ಕಾರಿ ಕಾಲೇಜುಗಳಲ್ಲಿ 2007ರಿಂದ 'ಎಸ್ಯಾಪ್' ಎಂಬ ಯೋಜನೆ ಇದೆ. ಆನ್‌ಲೈನ್‌ಗೆ ಅಂತ ಮಾಡಿದ್ದಲ್ಲ, ಆದರೂ ಹೇಳಬೇಕು. ಬಸ್ಸು ಮೆಟ್ರೋ ಪಾಸು, ಪುಸ್ತಕದ ಖರ್ಚು, ಮತ್ತೆ ಒಬ್ಬ ಅಡ್ವೈಸರ್. ಅವರ ಕೈಯಲ್ಲಿ ಇರುವ ವಿದ್ಯಾರ್ಥಿಗಳು ಕಡಿಮೆ, ಆದ್ದರಿಂದ ಹೆಸರು ಮುಖ ನೆನಪಿರುತ್ತದೆ, ಬಾರದಿದ್ದರೆ ಹುಡುಕಿಕೊಂಡು ಬರುತ್ತಾರೆ. ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿ ನೋಡಿದಾಗ, ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಈ ಯೋಜನೆಯಲ್ಲಿ ನೂರಕ್ಕೆ 40, ಹೊರಗೆ 22. ಹೆಚ್ಚುಕಡಿಮೆ ದುಪ್ಪಟ್ಟು. ಹೊಸ ಸಾಫ್ಟ್‌ವೇರ್ ಕೊಳ್ಳಲು ಸಲೀಸಾಗಿ ಸಹಿ ಹಾಕುವ ಜಾಗಗಳಲ್ಲಿ ಇನ್ನಿಬ್ಬರು ಫೋನ್ ಮಾಡುವವರನ್ನು ಕೊಡಿ ಅಂದರೆ ಬಜೆಟ್ ಇಲ್ಲ ಅನ್ನುತ್ತಾರೆ. ಈಗ ಚಾಟ್‌ಬಾಟ್ ಬಂದಿದೆ, ರಾತ್ರಿ ಎರಡಕ್ಕೂ ಉತ್ತರ ಕೊಡುತ್ತದೆ. ಒಳ್ಳೆಯದೇ. ಆದರೆ ಅದೂ ಕೂತಲ್ಲೇ ಕಾಯುತ್ತದೆ, ಬಫೆಯ ಮೇಜಿನ ಇನ್ನೊಂದು ಪಾತ್ರೆಯಂತೆ.

ಹೋದ ಸೆಮಿಸ್ಟರಿನ ಪಟ್ಟಿಯಲ್ಲಿ ಒಂದು ಕನ್ನಡದ ಹೆಸರಿತ್ತು. ಶಿಶುಶಿಕ್ಷಣದ ಕ್ಲಾಸು. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಆ ಕಡೆಯಿಂದ "ಯಸ್, ಯಸ್, ಐ ವಿಲ್ ಡೂ" ಅಂತ ಬೇಗ ಮುಗಿಸುವ ಧ್ವನಿ. ಸಂಕೋಚದ ಬೇಡ ಅದು, ನನಗೆ ಚೆನ್ನಾಗಿ ಗೊತ್ತು. "ನೀವು ಕನ್ನಡದವರಾ?" ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ಅಯ್ಯೋ ಹೌದ್ರೀ, ದಾವಣಗೆರೆ" ಅಂದರು. ಮುಂದಿನ ನಲವತ್ತು ನಿಮಿಷದಲ್ಲಿ ಕ್ಲಾಸಿನ ವಿಷಯ ಮಾತಾಡಿದ್ದು ಹತ್ತು ನಿಮಿಷ. ಪಾಸ್‌ವರ್ಡ್ ಮರೆತುಹೋಗಿತ್ತು, ಮತ್ತೆ ಹಾಕಲು ಹೋದರೆ ಕೋಡ್ ಗಂಡನ ಫೋನಿಗೆ ಹೋಗುತ್ತಿತ್ತು, ಅವರು ಮೀಟಿಂಗಿನಲ್ಲಿ ಇರುತ್ತಿದ್ದರು. ಅಷ್ಟೇ. ಅಷ್ಟಕ್ಕೆ ಎಂಟು ದಿನ ಹೋಗಿತ್ತು.

ಈ ತಿಂಗಳ ಕೊನೆಗೆ ಮತ್ತೆ ಸೆಮಿಸ್ಟರ್ ಶುರು. ಬೇ ಏರಿಯಾದಲ್ಲಿ ಇರುವವರು, ನಿಮ್ಮ ಮನೆಯಲ್ಲಿ ಯಾರಾದರೂ ಕ್ಲಾಸ್ ಸೇರಿದ್ದರೆ ಇವತ್ತೇ ಕಾಲೇಜಿನ ಇಮೇಲ್ ತೆರೆದು ನೋಡಲು ಹೇಳಿ. ಮತ್ತೆ ಗುರುತಿಲ್ಲದ 408 ನಂಬರಿನಿಂದ ಫೋನ್ ಬಂದರೆ ಸ್ಪ್ಯಾಮ್ ಅಂತ ಕತ್ತರಿಸಬೇಡಿ. ನಾನೇ ಇರಬಹುದು.