ಸತ್ಕಾರವೆಲ್ಲ ಹಕ್ಕಿಗೇ

ಪರರ ಹಿತ್ತಲಿನಲ್ಲಿ ಗಂಟೆಗಟ್ಟಲೆ ಕೂತು ಎದ್ದು ಬಂದರೂ ‘ಕಾಫಿ ಆಯ್ತಾ?’ ಎನ್ನುವ ಒಂದು ಜೀವ ಇಲ್ಲ. ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣ ತುದಿಯ ಪೆಟಗೋನಿಯಾ ಎಂಬ ಪುಟ್ಟ ಊರಿಗೆ, ಹೂವಿನ ಮಕರಂದ ಹೀರುವ ಪುಟಾಣಿ ಹಕ್ಕಿ ಹಮ್ಮಿಂಗ್‌ಬರ್ಡ್ ನೋಡಲು ಹೋಗುವ ನಮ್ಮವರಿಗೆ ಮೊದಲು ಚುಚ್ಚುವುದೇ ಇದು. ಅಲ್ಲೊಂದು ಮನೆ; ಗೇಟು ತೆರೆದಿರುತ್ತದೆ, ನೆರಳಿದೆ, ಬೆಂಚಿದೆ, ಇವತ್ತು ಯಾವ ಹಕ್ಕಿ ಬಂತೆಂದು ಬರೆಯಲು ಬೋರ್ಡಿದೆ. ಮಾತಾಡಿಸುವವರಿಲ್ಲ. ಹೊರಡುವಾಗ ಡಬ್ಬಿಗೆ ಒಂದಿಷ್ಟು ದುಡ್ಡು ಹಾಕಬಹುದು, ಅದೂ ಹಕ್ಕಿಯ ಸಕ್ಕರೆ ಖರ್ಚಿಗೆ!

1970ರ ದಶಕದಲ್ಲಿ ಈ ಮನೆಗೆ ಬಂದ ಪೇಟನ್ ದಂಪತಿ, ಬೇಲಿಯಾಚೆ ದುರ್ಬೀನು ಹಿಡಿದು ಇಣುಕುತ್ತಿದ್ದವರನ್ನು ಗದರಿಸಿ ಓಡಿಸಲಿಲ್ಲ; ಒಳಗೆ ಬಿಟ್ಟುಕೊಂಡು ಬೆಂಚು ಹಾಕಿಸಿದರು. ಅವರಿಬ್ಬರೂ ಹೋದ ಮೇಲೆ 2014ರಲ್ಲಿ ಟೂಸಾನ್ ಆಡುಬಾನ್ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ಮನೆಯನ್ನು ವಹಿಸಿಕೊಂಡಿತು. ಜನ ಬರುವುದು ಮುಖ್ಯವಾಗಿ ವಯಲೆಟ್-ಕ್ರೌನ್ಡ್ ಹಮ್ಮಿಂಗ್‌ಬರ್ಡ್‌ಗಾಗಿ. ಮೆಕ್ಸಿಕೊದ ಹಕ್ಕಿ; ಗಡಿಯ ಈಚೆ ಈ ಮೂಲೆ ಬಿಟ್ಟರೆ ಸಿಗುವುದು ಅಪರೂಪ. ನೆತ್ತಿಯ ನೇರಳೆಯನ್ನು ಹುಡುಕುತ್ತ ಕೂರಬೇಡಿ, ನೆರಳಿನಲ್ಲಿ ಅದು ಕಪ್ಪಗೆ ಕಾಣುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಅಚ್ಚ ಬಿಳಿ, ಕೊಕ್ಕು ಕೆಂಪು, ಅದರ ತುದಿ ಕಪ್ಪು: ಇಷ್ಟು ಕಂಡರೆ ಅದೇ.

ಇನ್ನು ಹಕ್ಕಿಗೆ ಮಾಡುವ ಉಪಚಾರ ನೋಡಿ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಬಿಸಿ ಮಾಡಿ ಕರಗಿಸಿ, ಪೂರ್ತಿ ಆರಿಸಿಯೇ ತುಂಬಬೇಕು. ಕೆಂಪು ಬಣ್ಣ ಬೆರೆಸುವುದು ಬೇಡ, ಪಾಕ ತುಂಬಿ ನೇತುಹಾಕುವ ಫೀಡರಿನ ಕೆಂಪು ಮುಚ್ಚಳವೇ ಸಾಕು. ‘ಸಕ್ಕರೆಗಿಂತ ಬೆಲ್ಲ ಒಳ್ಳೇದಲ್ವಾ?’ ಎಂದು ನಮ್ಮ ಹೆಂಗಸರು ಕೇಳಿಯೇ ಕೇಳುತ್ತಾರೆ. ಅಲ್ಲ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ಹೆಚ್ಚಾಗುತ್ತದೆ. ಜೇನುತುಪ್ಪ ಹಾಕಿದರೆ ಬೇಗ ಬೂಸ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಾ ಪಾಕ ಬದಲಿಸಬೇಕು. ಮೋಡ ಕಟ್ಟಿದಂತೆ ಮಬ್ಬಾಗಿದ್ದರೆ ಹುಳಿ ಬಂದಿದೆ ಎಂದೇ ಲೆಕ್ಕ. ಹಕ್ಕಿ ಕೊಕ್ಕಿಡುವ ತೂತಿನ ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ವಿನೆಗರಿನಲ್ಲಿ ನೆನೆಸಿ, ಸಣ್ಣ ಬ್ರಷ್ಷಿನಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆಯಬೇಕು.

ಬಾಟಲಿಯನ್ನು ತಲೆಕೆಳಗೆ ಮಾಡಿದಂಥ ಫೀಡರನ್ನು ಬಿಸಿಲಿಗೆ ನೇತುಹಾಕಿದರೆ ಒಳಗಿನ ಗಾಳಿ ಹಿಗ್ಗಿ ಪಾಕವನ್ನು ಹೊರಗೆ ತಳ್ಳುತ್ತದೆ. ಅದು ತೊಟ್ಟಿಕ್ಕಿದ್ದೇ ತಡ, ಇರುವೆ, ಜೇನುನೊಣ. ತಟ್ಟೆಯಾಕಾರದ್ದಕ್ಕೆ ಈ ತೊಂದರೆಯಿಲ್ಲ. ಇರುವೆ ಬಾರದಿರಲಿ ಎಂದು ಕೊಂಡಿಗೆ ಎಣ್ಣೆ ಸವರಬಾರದು, ರೆಕ್ಕೆಗೆ ಮೆತ್ತಿಕೊಂಡರೆ ಹಕ್ಕಿಯ ಕಥೆ ಮುಗಿಯಿತು. ಮೇಲೊಂದು ಪುಟ್ಟ ಬಟ್ಟಲು ಕಟ್ಟಿ ಬರೀ ನೀರು ತುಂಬಿದರಾಯಿತು. ಎಲ್ಲ ಫೀಡರನ್ನೂ ಒಂದೇ ಕಡೆ ಸಾಲಾಗಿ ಕಟ್ಟಿದರೆ ಒಂದು ಗಂಡು ಅಷ್ಟಕ್ಕೂ ಯಜಮಾನಿಕೆ ಮಾಡಿ ಉಳಿದವನ್ನು ಅಟ್ಟುತ್ತದೆ; ಒಂದರಿಂದ ಇನ್ನೊಂದು ಕಾಣದಂತೆ ಮರೆಯಲ್ಲಿರಲಿ. ಮಳೆಗಾಲದ ಕೊನೆಯಲ್ಲಿ ರಾತ್ರಿ ಬಾವಲಿಗಳು ಬಂದು ಹನಿ ಬಿಡದಂತೆ ಹೀರುವುದೂ ಉಂಟು. ಅಳಿಯನಿಗೂ ಇಷ್ಟು ನಡೆಯುವುದಿಲ್ಲ.

ಅತಿಥಿಗೆ ಮಾತ್ರ ಬರೀ ನಿಯಮ. ಅಮೆರಿಕದ ಪೂರ್ವದ ರಾಜ್ಯಗಳಲ್ಲಿ ನವೆಂಬರಿನ ಚಳಿಗೆ ಯಾರದೋ ಮನೆಯ ಫೀಡರಿಗೆ ದಾರಿ ತಪ್ಪಿದ ರೂಫಸ್ ಎಂಬ ಇನ್ನೊಂದು ಜಾತಿಯ ಹಮ್ಮಿಂಗ್‌ಬರ್ಡ್ ಬಂದರೆ, ಪಾಕ ಹೆಪ್ಪುಗಟ್ಟದಿರಲೆಂದು ಪಕ್ಕದಲ್ಲಿ ದೀಪ ಉರಿಸುತ್ತಾರೆ. ನೋಡಲು ಬರುವವರಿಗೆ ಮನೆಯವರು ಹೇಳಿದ ಹೊತ್ತು, ನಿಲ್ಲಲು ತೋರಿಸಿದ ಜಾಗ ಅಷ್ಟೇ. ಪಕ್ಕದ ಮನೆ ಮುಂದೆ ಕಾರು ನಿಲ್ಲಿಸಬಾರದು, ಅವರ ಕಿಟಕಿಯತ್ತ ದುರ್ಬೀನು ತಿರುಗಿಸಬಾರದು. ಒಪ್ಪಿಗೆ ಇಲ್ಲದೆ ವಿಳಾಸ ಹಂಚಲೂಬಾರದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೀಗಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆಯಿಂದ ಹುಣಸೆ ಫಸಲು ಕೆಟ್ಟರೂ ಊರವರು ಹೆರಿಗೆಗೆ ಬಂದ ಮಗಳೆಂದು ಸುಮ್ಮನಿರುತ್ತಾರೆ. ನೋಡಲು ಹೋದವರನ್ನು ಜಗಲಿಗೆ ಕರೆದು, ಯಾವೂರು, ಯಾರ ಕಡೆಯವರು ಎಂದು ವಿಚಾರಿಸುತ್ತಾರೆ. ಡಬ್ಬಿಯ ದುಡ್ಡಿಗಿಂತ ಈ ವಿಚಾರಣೆಯೇ ಹೆಚ್ಚು ಬೆಲೆಯದು ಅನ್ನಿಸುತ್ತದೆ.

ಆದರೆ, ಹೇಳಲೇಬೇಕು, ಹೆಜ್ಜಾರ್ಲೆ ಬೀದಿಯಿಂದಲೇ ಕಾಣುವ ಹಕ್ಕಿ; ಉಪ್ಪಿಟ್ಟು ತಿಂದು ಬಂದರೂ ಗೂಡಿನಲ್ಲೇ ಇರುತ್ತದೆ. ವಯಲೆಟ್-ಕ್ರೌನ್ಡ್ ತೂಗುವುದು ಐದಾರು ಗ್ರಾಂ. ಬಂದು ಹೀರಿ ಹೋಗುವುದು ಅರೆ ನಿಮಿಷದ ಮಾತು, ಮತ್ತೆ ಬರುವ ತನಕ ಬೆಂಚಿನಲ್ಲಿ ಕಾಯಬೇಕು. ‘ಬನ್ನಿ ಒಳಗೆ’ ಎಂದು ಯಾರೂ ಕರೆಯದಿದ್ದದ್ದಕ್ಕೇ ಅದು ಕಣ್ಣಿಗೆ ಬೀಳುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ನೀವೇ ಒಯ್ಯಿರಿ. ಮುಚ್ಚಳ ಕೆಂಪಗಿದ್ದರೆ ಹಕ್ಕಿ ಅದನ್ನೂ ಒಮ್ಮೆ ಇಣುಕಿ ನೋಡಿ ಹೋದೀತು.